ಚಾ ಸೀಮೆಯಲ್ಲಿ ಕಾಫಿ ಹುಡುಕಿದ್ದು

ಎರಡು ರಾತ್ರಿಗೆ ಏಳು ಸಾವಿರ ಹೇಳಿದರು, ಐದೂವರೆಗೆ ಮುಗಿಸಿದೆ. ಒಂದು ಕೋಣೆ, ಇಬ್ಬರು ಹೆಂಗಸರು, ಊಟ ನಾಷ್ಟಾ ಅದರೊಳಗೇ. ಮೊದಲು ಫೋನಿನಲ್ಲಿ "ಶನಿವಾರ ರೂಮ್ ಸಿಗ್ತದೇನ್ರಿ?" ಎಂದು ಕೇಳಿದೆ. "ಶನಿವಾರ ಫುಲ್ ಅದರಿ, ಬುಧವಾರ ಬೇಕಾದಷ್ಟು ಖಾಲಿ ಅವ" ಎಂಬ ಮಾತು ಅವರ ಬಾಯಿಂದಲೇ ಬಂದ ಮೇಲೆ ದರದ ಮಾತು ತೆಗೆದೆ. ವಾರದ ನಡುವೆ ಚಿಂಚೋಳಿ ಗುಡ್ಡದ ರಿಸಾರ್ಟಿಗೆ ಯಾರು ಬರುತ್ತಾರೆ? ಖಾಲಿ ಕೋಣೆ ಇಟ್ಟುಕೊಂಡು ಕಾಯುವವರ ಹತ್ತಿರ ಧ್ವನಿ ಏರಿಸಬೇಕಾಗಿಲ್ಲ, ಸುಮ್ಮನೆ ಸ್ವಲ್ಪ ಹೊತ್ತು ಮಾತಾಡದೆ ಇದ್ದರೆ ಸಾಕು.

ಅಷ್ಟು ದುಡ್ಡು ಕೊಟ್ಟು ಹೋದದ್ದು ಯಾಕೆಂದರೆ, ನನ್ನ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಸೇಡಂನಲ್ಲಿ ನನ್ನದೊಂದು ರೊಟ್ಟಿ ಕೇಂದ್ರ ಇದೆ. ಒಂದು ಒಲೆ, ಒಂದು ಹಂಚಿನಿಂದ ಶುರು ಮಾಡಿದ್ದು. ಈಗ ಹತ್ತಾರು ಹೆಂಗಸರು ಬಂದು ರೊಟ್ಟಿ ಬಡಿಯುತ್ತಾರೆ, ಕೆಲವರು ಕುರಕುಂಟಾದಿಂದ ಬಸ್ಸು ಹಿಡಿದು ಬರುತ್ತಾರೆ. ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಯವರೆಗೆ ನಮಗೆ ಉಸಿರಾಡಲು ಪುರಸೊತ್ತಿಲ್ಲ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಹಿಂಡಿ ಎಂದರೆ ರೊಟ್ಟಿಯ ಜೊತೆ ಹಚ್ಚಿಕೊಳ್ಳುವ ಪುಡಿ. ಗುರೆಳ್ಳಿನದು, ಅಂದರೆ ಹುಚ್ಚೆಳ್ಳಿನದು, ಕಪ್ಪಗೆ ಕಾಡಿಗೆಯ ಹಾಗಿರುತ್ತದೆ. ಆಳು ಕಡಿಮೆ ಬಿದ್ದ ದಿನ ನಾನೇ ಕೂತು ಬಡಿದೆ. ಸಂಕ್ರಾಂತಿ ಮುಗಿದ ಮರುದಿನ ತಲೆ ಬಾಚಿಕೊಳ್ಳಲು ಕೈ ಎತ್ತಿದೆ, ಬರಲಿಲ್ಲ.

"ಕೈಗೆ ರಜಾ ಕೊಡ್ರಿ, ಇಲ್ಲಾಂದ್ರ ಕೈಯೇ ನಿಮಗ ರಜಾ ಕೊಡ್ತದ" ಎಂದರು ಡಾಕ್ಟರು. ಮನೆಯಲ್ಲಿದ್ದು ರಜೆ ಸಾಧ್ಯವಿಲ್ಲ. ಒಲೆಯ ಸದ್ದು ಕೇಳಿದರೆ ಎದ್ದು ಹೋಗುತ್ತೇನೆ.

ಇನ್ನೊಂದು ಕಾರಣವೂ ಇತ್ತು, ಅದೇ ದೊಡ್ಡದು. ಕಲಬುರಗಿಯ ಖಾನಾವಳಿಯವರೊಬ್ಬರು ಮುಂದಿನ ತಿಂಗಳಿಂದ ಈಗ ಕೊಡುವುದರ ಎರಡರಷ್ಟು ರೊಟ್ಟಿ ಬೇಕು ಎನ್ನುತ್ತಿದ್ದರು. ಆಗುತ್ತದೋ ಇಲ್ಲವೋ ಈ ವಾರ ಹೇಳಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದರು. ಅವರು ಹೋದರೆ ನನ್ನ ಅರ್ಧ ವ್ಯಾಪಾರ ಹೋಯಿತು. ಒಪ್ಪಿಕೊಂಡರೆ ನನ್ನ ಕೈ ಹೋಯಿತು. ಕೇಂದ್ರವನ್ನೇ ಮುಚ್ಚಿಬಿಡೋಣ ಎಂಬ ಯೋಚನೆ ಒಳಗೊಳಗೇ ಬಲಿಯುತ್ತಿತ್ತು. ಮುಚ್ಚಿದರೆ ಆ ಹೆಂಗಸರೆಲ್ಲ ಎಲ್ಲಿಗೆ ಹೋಗಬೇಕು ಎಂದು ಯೋಚಿಸಿದರೆ ನಿದ್ದೆ ಇಲ್ಲ.

ನನ್ನ ಜೊತೆ ಬಂದವಳು ನನ್ನ ಮೈದುನನ ಹೆಂಡತಿ, ನೆಗೆಣ್ಣಿ. ಕೇಂದ್ರದಲ್ಲಿ ಪ್ಯಾಕಿಂಗ್ ಅವಳದು, ತನ್ನ ಟಂಟಂ ಗಾಡಿಯಲ್ಲಿ ರೊಟ್ಟಿ ಮುಟ್ಟಿಸುವುದು ಮೈದುನನದು. "ನೀವ್ ಕುಂದ್ರಿ ಅಕ್ಕಾ, ನಾ ನಡಸ್ತೀನಿ" ಎಂದು ಒಮ್ಮೆ ಹೇಳಿದ್ದಳು. ನಾನು ನಕ್ಕಿದ್ದೆ. ನಗಲು ಕಾರಣವಿತ್ತು. ಇವಳದು ಕೊಸರು ಕೊಡುವ ಕೈ. ಎಣಿಸಿಕೊಟ್ಟ ಮೇಲೂ ಒಂದೆರಡು ರೊಟ್ಟಿ ಮೇಲಿಡದೆ ಇವಳಿಗೆ ಸಮಾಧಾನವಿಲ್ಲ. ಚಿತ್ತಾಪುರದ ಕೋರ್ಟಿನ ಮುಂದಿನ ಹೋಟೆಲಿನವನು ನನ್ನ ಹತ್ತಿರ ಮಾತಾಡುವುದನ್ನೇ ಬಿಟ್ಟು, ಇವಳಿದ್ದ ಹೊತ್ತು ನೋಡಿ ಬರುತ್ತಿದ್ದ. "ನಿನ್ನ ಕೈಯಾಗ ಕೊಟ್ರ ಕೊಸರಿನ್ಯಾಗೇ ಅಂಗಡಿ ತೊಳೀತಿ" ಎಂದು ಬೈದಿದ್ದೆ.

ಇನ್ನು ಕಾಫಿಯ ಮಾತು. ನಮ್ಮ ಕಡೆ ಎಲ್ಲರೂ ಚಾ ಕುಡಿಯುತ್ತಾರೆ. ಯಾರ ಮನೆಗೆ ಹೋದರೂ ಚಾ, ಅಂಗಡಿಗೆ ಹೋದರೂ ಚಾ, ಬೇಡವೆಂದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ನನಗೆ ಕಾಫಿ ಹತ್ತಿದ್ದು ವಾಡಿಯಲ್ಲಿ. ಮದುವೆಯಾದ ಹೊಸದರಲ್ಲಿ ನಾವು ಅಲ್ಲಿದ್ದೆವು. ಸಿಮೆಂಟ್ ಕಾಲೊನಿಯ ಒಂದು ಮನೆಗೆ ರೊಟ್ಟಿ ಮಾಡಿಕೊಡಲು ಹೋಗುತ್ತಿದ್ದೆ. ಮೈಸೂರು ಕಡೆಯವರು. ಕೆಲಸ ಮುಗಿದ ಮೇಲೆ ಆ ಮನೆಯ ಅಮ್ಮ ನನ್ನನ್ನು ಕೂರಿಸಿ, ತಮ್ಮಂಥದ್ದೇ ಲೋಟದಲ್ಲಿ ಫಿಲ್ಟರ್ ಕಾಫಿ ಕೊಡುತ್ತಿದ್ದರು. ಮೊದಲ ದಿನ ಮುಖ ಹಿಂಡಿದೆ. ತಿಂಗಳು ಕಳೆಯುವುದರೊಳಗೆ ಅದಿಲ್ಲದೆ ತಲೆ ಸಿಡಿಯತೊಡಗಿತು. ಆ ಮನೆಯವರಿಗೆ ವರ್ಗವಾಯಿತು, ಚಟ ನನ್ನಲ್ಲಿ ಉಳಿಯಿತು. ಈಗಲೂ ಬೆಂಗಳೂರು ಕಡೆಯಿಂದ ಬರುವ ರೈಲಿನ ಪರಿಚಯದವರೊಬ್ಬರು ವಾಡಿ ಜಂಕ್ಷನ್ನಿನಲ್ಲಿ ಪುಡಿ ಇಳಿಸಿಕೊಡುತ್ತಾರೆ. ಮುಂಜಾನೆ ಒಂದು ಲೋಟ ಹೊಟ್ಟೆಗೆ ಹೋಗದಿದ್ದರೆ ನಾನು ಯಾರ ಜೊತೆಯೂ ಮಾತಿಗೆ ಬರುವುದಿಲ್ಲ.

ರಿಸಾರ್ಟಿನವರನ್ನು ಫೋನಿನಲ್ಲಿ ಕೇಳಿದ್ದೆ. "ಚಾ ಕಾಫಿ ಎಲ್ಲಾ ಅದರಾಗೇ ಬಂತಲ್ರೀ?"

"ಬಂತ್ರಿ ಅಕ್ಕಾರ. ಎಷ್ಟು ಬೇಕಾದ್ರೂ ಕುಡೀರಿ."

ಜೋಳ ಕೊಳ್ಳುವಾಗ ಯಾವ ಹೊಲದ್ದು, ಯಾವಾಗ ರಾಶಿ ಮಾಡಿದ್ದು ಎಂದೆಲ್ಲ ವಿಚಾರಿಸುವ ನಾನು, ಯಾವ ಕಾಫಿ ಎಂದು ಕೇಳಲಿಲ್ಲ. ದಣಿದಿದ್ದೆ.

ಸೇಡಂನಿಂದ ಬಸ್ಸು. ಎರಡೂ ಕಡೆ ತೊಗರಿ ಕೊಯ್ದ ಹೊಲಗಳು, ಒಣಗಿದ ಕಟ್ಟಿಗೆಯ ಗುಡ್ಡೆ. ನೆಗೆಣ್ಣಿ ಕಿಟಕಿಯ ಹತ್ತಿರ ಕೂತು ದಾರಿಯುದ್ದಕ್ಕೂ ಮಾತಾಡಿದಳು, ನಾನು ಅರ್ಧ ಕೇಳಿದೆ. ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ಇಳಿದು ಅಲ್ಲಿಂದ ರಿಸಾರ್ಟಿನ ಜೀಪು. ಗುಡ್ಡ ಏರಿದಂತೆ ಗಾಳಿ ತಣ್ಣಗಾಯಿತು, ನನ್ನ ಭುಜ ಇನ್ನಷ್ಟು ಬಿಗಿಯಿತು. ಕೋಣೆಯ ನೆಲಕ್ಕೆ ಪಾಲಿಶ್ ಹೊಡೆಯದ ಶಹಾಬಾದ ಕಲ್ಲು. ಅಗ್ಗದ್ದು, ನೋಡಲು ಹಳೆಯ ಗೌಡರ ವಾಡೆಯ ಹಾಗೆ ಕಾಣುತ್ತದೆ. ಕಟ್ಟಿಸಿದವರಿಗೆ ವ್ಯಾಪಾರ ಗೊತ್ತು ಅಂದುಕೊಂಡೆ. ಚಪ್ಪಲಿ ಬಿಟ್ಟು ಆ ಕಲ್ಲಿನ ಮೇಲೆ ಪಾದ ಊರಿ ಸುಮ್ಮನೆ ಕೂತೆ.

ಸಂಜೆ ಕಾಫಿ ತರಿಸಿದೆ. ಕಾಗದದ ಕಪ್ಪಿನಲ್ಲಿ ಬಂತು. ಮೇಲೆ ನೊರೆ, ಕೆಳಗೆ ಸಕ್ಕರೆ, ನಡುವೆ ಬಿಸಿ ನೀರಿಗೆ ಮಣ್ಣಿನ ಬಣ್ಣ. ಯಂತ್ರದ ಗುಂಡಿ ಒತ್ತಿದರೆ ಸುರಿಯುವಂಥದ್ದು. ಎರಡು ಗುಟುಕು ಕುಡಿದು ಇಟ್ಟೆ.

ಮ್ಯಾನೇಜರ್ ಮೂವತ್ತರ ಆಸುಪಾಸಿನವರು, ಇಸ್ತ್ರಿ ಅಂಗಿ, ಒಳ್ಳೆಯ ಮಾತು. "ಬ್ಯಾರೆ ಕಾಫಿ ಇಲ್ಲೇನ್ರಿ?" ಎಂದು ಕೇಳಿದೆ.

"ಅದಕ್ಕ ಹಾಲು ಜಾಸ್ತಿ ಹಾಕಸ್ಲೇನ್ರಿ?"

"ಹಾಲಿನ ಮಾತಲ್ರಿ. ಪುಡಿ ಮಾತು."

"ಇಲ್ಲಿ ಬರೋರೆಲ್ಲಾ ಚಾ ಕೇಳ್ತಾರ್ರಿ ಅಕ್ಕಾರ. ನಮ್ಮ ಚಾ ಕುಡೀರಿ ಒಮ್ಮಿ. ಯಾಲಕ್ಕಿ ಹಾಕಿ ಮಾಡ್ತಾರ, ಕಾಫಿನೇ ಮರೀತೀರಿ."

ಇನ್ನೊಂದು ದಿನವಾಗಿದ್ದರೆ ಇಷ್ಟಕ್ಕೇ ಬಿಲ್ಲಿನಲ್ಲಿ ಇನ್ನೊಂದಿಷ್ಟು ಇಳಿಸಿಕೊಳ್ಳುತ್ತಿದ್ದೆ. ಅಂದು ಆಗಲಿಲ್ಲ. ಅಷ್ಟಕ್ಕೂ ಪುಡಿ ನಮ್ಮ ಚೀಲದಲ್ಲೇ ಇತ್ತು. ನೆಗೆಣ್ಣಿಯೇ ಹಿಂಡಿ ತುಂಬುವ ಪ್ಲಾಸ್ಟಿಕ್ ಪಾಕೀಟಿನಲ್ಲಿ ಅದನ್ನು ತುಂಬಿ, ಕೇಂದ್ರದ ಯಂತ್ರದಲ್ಲಿ ಬಾಯಿ ಸೀಲ್ ಮಾಡಿ ತಂದಿದ್ದಳು. ಜೊತೆಗೆ ನನ್ನ ಸ್ಟೀಲಿನ ಫಿಲ್ಟರ್. ಎರಡನ್ನೂ ಮ್ಯಾನೇಜರ್ ಕೈಗೆ ಕೊಟ್ಟು, "ಅಡಗಿ ಮನಿಗೆ ಮುಟ್ಟಸ್ರಿ. ಮುಂಜಾನಿ ನಾಷ್ಟಾದಾಗ ಬೇಕು" ಎಂದಷ್ಟೇ ಹೇಳಿ ಹೋಗಿ ಮಲಗಿದೆ. ಏನು, ಹೇಗೆ ಎಂದು ಹೇಳಲಿಲ್ಲ. ಕಾಫಿಪುಡಿಯ ಜೊತೆ ಫಿಲ್ಟರ್ ಕೊಟ್ಟರೆ ಹೇಳುವುದಕ್ಕೆ ಏನಿದೆ ಎಂದು ನನ್ನ ಎಣಿಕೆ.

ಮುಂಜಾನೆ ನಾಷ್ಟಾದ ಮೇಜಿನ ಮೇಲೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು, ಶೇಂಗಾ ಹಿಂಡಿ ಎಲ್ಲ ಇದ್ದವು. ಅವುಗಳ ನಡುವೆ ಒಂದು ಬಟ್ಟಲಲ್ಲಿ ಎಣ್ಣೆ ಕಲಸಿದ ಕಪ್ಪು ಪುಡಿ, ಮೇಲೆ ಜಜ್ಜಿದ ಬೆಳ್ಳುಳ್ಳಿ. ಬಟ್ಟಲ ಪಕ್ಕದಲ್ಲಿ ನನ್ನ ಫಿಲ್ಟರಿನ ತೂತಿನ ಭಾಗ, ಅದರಲ್ಲೂ ಒಂದಿಷ್ಟು ಒಣ ಪುಡಿ. ಹೈದರಾಬಾದಿನಿಂದ ಬಂದ ಒಂದು ಕುಟುಂಬ ಅಲ್ಲಿ ಕೂತಿತ್ತು. ಅವರ ಯಜಮಾನರು ಆ ತೂತಿನ ಬಟ್ಟಲನ್ನು ರೊಟ್ಟಿಯ ಮೇಲೆ ಹಿಡಿದು, ಬೆರಳಿನಿಂದ ತಟ್ಟಿ ತಟ್ಟಿ ಪುಡಿ ಉದುರಿಸಿಕೊಳ್ಳುತ್ತಿದ್ದರು.

ಅವರು ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಅಗಿಯುವುದು ನಿಂತಿತು. ಮತ್ತೆ ಅಗಿದರು.

"ಭಾಳ ಸ್ಟ್ರಾಂಗ್ ಅದ" ಎಂದು ಹೆಂಡತಿಗೆ ಹೇಳಿ ಮೊಸರು ಹಚ್ಚಿಕೊಂಡರು.

ನೆಗೆಣ್ಣಿ ಬೆರಳ ತುದಿಯಲ್ಲಿ ಆ ಬಟ್ಟಲದ್ದನ್ನು ಮುಟ್ಟಿ ನಾಲಿಗೆಗೆ ಇಟ್ಟುಕೊಂಡಳು. ಅವಳ ಕಣ್ಣು ದೊಡ್ಡವಾದವು. "ಅಕ್ಕಾ, ನಿಮ್ಮ ಕಾಫೀಗಿ ಒಗ್ಗರಣಿ ಬಿದ್ದದ."

ಅಡುಗೆಯವರನ್ನು ಕರೆಸಿದೆ. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಟವೆಲ್. ಅವರು ಖುಷಿಯಲ್ಲೇ ಬಂದರು. "ಹಿಂಡಿ ನೀವೇ ಕೊಟ್ಟದ್ದಂತಲ್ರಿ ಅವ್ವಾರ? ಸೇಡಂ ರೊಟ್ಟಿ ಕೇಂದ್ರದವ್ರು ಅಂದ್ರು. ಜರಾ ಒಣಗಿತ್ತು, ಪಾಕೀಟು ಪೂರಾ ಖಾಲಿ ಮಾಡಿ ಎಣ್ಣಿ ಬಳ್ಳೊಳ್ಳಿ ಹಾಕಿ ನಾನೇ ಸುಧಾರಿಸೀನಿ. ಉದುರಸೋ ಡಬ್ಬಿ ಭಾಳ ಛಲೋ ಅದ್ರಿ. ಎಲ್ಲಿ ತಗೊಂಡ್ರಿ?"

ರೊಟ್ಟಿ ಕೇಂದ್ರದ ಹೆಂಗಸು, ಹಿಂಡಿಯ ಪಾಕೀಟು, ಕಪ್ಪು ಪುಡಿ, ನಾಷ್ಟಾಕ್ಕೆ ಬೇಕು ಎಂಬ ಮಾತು. ನಮ್ಮ ಸೀಮೆಯಲ್ಲಿ ಇದನ್ನು ಯಾರೇ ಆದರೂ ಗುರೆಳ್ಳು ಹಿಂಡಿ ಎಂದೇ ತಿಳಿಯುತ್ತಾರೆ. ಹಾಗಿದ್ದರೂ ಸಿಟ್ಟು ನೆತ್ತಿಗೇರಿತು. ಮ್ಯಾನೇಜರನ್ನು ಕರೆದು ಒಂದು ದಿನದ ಬಾಡಿಗೆ ಬಿಡಿ ಎನ್ನಲು ಬಾಯಿ ತೆರೆದೆ. ನೆಗೆಣ್ಣಿ ನನ್ನ ಕೈ ಹಿಡಿದಳು. "ಬ್ಯಾಡ್ರಿ ಅಕ್ಕಾ. ನಾವು ಹೇಳಿಲ್ಲ, ಅವ್ರು ಕೇಳಿಲ್ಲ."

ತಲೆ ಆಗಲೇ ಹಿಂದಿನಿಂದ ಹಿಡಿಯತೊಡಗಿತ್ತು. ಕೋಣೆಗೆ ಹೋಗಿ ಪರದೆ ಎಳೆದು ಮಲಗಿದೆ. ಖಾನಾವಳಿಯವರ ಫೋನ್ ಬಂತು. ನೋಡಿದೆ, ಎತ್ತಲಿಲ್ಲ. ಮತ್ತೆ ಬಂತು, ಮಗ್ಗುಲು ಬದಲಿಸಿದೆ. ಇಷ್ಟು ವರ್ಷಗಳಲ್ಲಿ ಗಿರಾಕಿಯ ಫೋನು ಎತ್ತದೆ ಬಿಟ್ಟದ್ದು ಅದೇ ಮೊದಲು. ಇವತ್ತೇ ಆಗುವುದಿಲ್ಲ ಎಂದು ಹೇಳಿ, ತಿಂಗಳ ಕೊನೆಗೆ ಒಲೆ ಆರಿಸಿಬಿಡೋಣ ಎಂದು ಅಲ್ಲೇ ಮಲಗಿ ತೀರ್ಮಾನಿಸಿದೆ. ಗಟ್ಟಿಯಾಗಿ ಹೇಳಿಯೂ ಬಿಟ್ಟೆ.

ನೆಗೆಣ್ಣಿ ಬಾಗಿಲ ಹತ್ತಿರ ಕೂತು ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಆಮೇಲೆ, "ತಲಿ ನೋಯ್ಲಿಕತ್ತಾಗ ಒಲಿ ಆರಸಬ್ಯಾಡ್ರಿ. ಏಳ್ರಿ, ಚಂದಾಪುರಕ್ಕ ಹೋಗಮಿ. ಎಲ್ಲಾರ ಒಂದು ಕಡಿ ಪುಡಿ ಸಿಕ್ಕೇ ಸಿಗ್ತದ" ಎಂದಳು.

"ನೀ ಕಾಫಿ ಕುಡಿಯಾಕಿ ಅಲ್ಲ, ನಿನಗ ಯಾಕ ಇಷ್ಟು ಉಸಾಬರಿ?"

"ನೀವು ಕಾಫಿ ಕುಡೀಲಿಲ್ಲಂದ್ರ ಕುಡಿಯೋದು ನನ್ನ ರಕ್ತನಲ್ರಿ?"

ಮಾಲು ತರಲು ಹೊರಟಿದ್ದ ಜೀಪಿನಲ್ಲಿ ಹತ್ತಿದೆವು. ಹೊರಡುವ ಮುಂಚೆ ಅವಳು ಚೀಲದಿಂದ ಖಡಕ್ ರೊಟ್ಟಿಯ ಒಂದೆರಡು ಕಟ್ಟು ತೆಗೆದು ಕೈಚೀಲಕ್ಕೆ ಹಾಕಿಕೊಂಡದ್ದನ್ನು ನೋಡಿದೆ. ದಾರಿಯಲ್ಲಿ ತಿನ್ನಲು ಇರಬೇಕು ಎಂದುಕೊಂಡೆ.

ಮೊದಲ ಕಿರಾಣಿ ಅಂಗಡಿಯವನು, "ಕಾಫಿ? ಯಾರಿಗಿ ಜ್ವರ ಬಂದದ್ರಿ?" ಎಂದ. ನಮ್ಮ ಕಡೆ ಕಾಫಿ ಔಷಧಿಯ ಲೆಕ್ಕ. ಜ್ವರ ಬಂದರೆ, ಹೊಟ್ಟೆ ಕೆಟ್ಟರೆ ಒಂದು ಕಪ್ಪು. ಅವನ ಹತ್ತಿರ ಬಾಗಿಲಿಗೆ ತೋರಣದಂತೆ ನೇತಾಡುವ ಸಣ್ಣ ಪಾಕೀಟುಗಳಿದ್ದವು, ನೀರಿಗೆ ಹಾಕಿ ಕಲಕುವಂಥದ್ದು. ಎರಡನೆಯವನ ಹತ್ತಿರವೂ ಅದೇ. ಮೂರನೆಯ ಅಂಗಡಿ ಕಚೇರಿಗಳ ರಸ್ತೆಯಲ್ಲಿತ್ತು. ಅಂಗಡಿಯವರು ಒಬ್ಬ ಗಿರಾಕಿಯ ಜೊತೆ ತೆಲುಗಿನಲ್ಲಿ ಮಾತಾಡಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ಫಿಲ್ಟರ್ ಪುಡಿ ನಾ ಇಡಂಗಿಲ್ರಿ. ಇಲ್ಲಿ ಅದನ್ನ ಕುಡಿಯೋರು ಒಬ್ರೇ, ವರ್ಗ ಆಗಿ ಬಂದ ನಮ್ಮ ಆಫೀಸ್ ಮೇಡಮ್ಮಾರು. ಅವರಿಗಿ ಊರಿಂದ ಬಸ್ಸಿನ್ಯಾಗ ಪಾರ್ಸಲ್ ಬರ್ತದ. ನೋಡ್ರಿ, ಅಲ್ಲಿ ಕುಂತದ" ಎಂದು ಹಿಂದಿನ ಹಲಗೆ ತೋರಿಸಿದರು.

ಖಾಕಿ ಕಾಗದದ ಪೊಟ್ಟಣ. ಸೀಲ್ ಒಡೆಯದಿದ್ದರೂ ನನ್ನ ಮೂಗಿಗೆ ವಾಸನೆ ಬಂತು. ಅಥವಾ ಬಂದಂತಾಯಿತು.

"ಅದರಾಗಿಂದು ಒಂದೀಟು ಕೊಡ್ರಿ" ಎಂದೆ.

"ಮಂದೀದು ಹ್ಯಾಂಗ ಕೊಡ್ಲಿ ಅಕ್ಕಾ?"

"ಅಂಗಡ್ಯಾಗಿನ ದರಕ್ಕ ಮ್ಯಾಲ ಕೊಡ್ತೀನಿ."

"ದರದ ಮಾತಲ್ರಿ."

"ಎಲ್ಲಾದಕ್ಕೂ ಒಂದು ದರ ಇರ್ತದ. ಹೇಳ್ರಿ, ಎಷ್ಟು?"

ಅವರ ಮುಖ ಬಿಗಿಯಿತು. "ನಾ ಅಂಗಡಿಕಾರ ಇರಬಹುದ್ರಿ. ಇಟ್ಟುಕೋ ಅಂದದ್ದನ್ನ ಮಾರಾವ ಅಲ್ಲ." ಅಷ್ಟು ಹೇಳಿ ಬೇರೆ ಗಿರಾಕಿಗೆ ಬೆಲ್ಲ ತೂಗಲು ಹೋದರು.

ನನ್ನ ಜೀವನವೆಲ್ಲ ಈ ದಾರಿಯಲ್ಲೇ ನಡೆದಿದೆ. ಅವರು ಒಂದು ಹೇಳಬೇಕು, ನಾನು ಒಂದು ಹೇಳಬೇಕು, ನಡುವೆ ಎಲ್ಲೋ ಸೇರಬೇಕು. ಆ ಹಗಲು ಆ ದಾರಿ ಮುಚ್ಚಿತ್ತು, ಇನ್ನೊಂದು ನನಗೆ ಗೊತ್ತಿರಲಿಲ್ಲ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು.

ನೆಗೆಣ್ಣಿ ಒಳಗೆ ನಿಂತೇ ಇದ್ದಳು. ಕೈಚೀಲದಿಂದ ಒಂದು ಕಟ್ಟು ರೊಟ್ಟಿ ತೆಗೆದು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಳು. "ಅಣ್ಣಾರ, ಇದು ನಮ್ಮ ರೊಟ್ಟಿ. ಮನಿಗೆ ಒಯ್ರಿ."

"ಇದ್ಯಾಕ್ರಿ? ನಾ ಪುಡಿ ಕೊಡಂಗಿಲ್ಲ ಅಂತ ಹೇಳೀನಿ."

"ಕೊಡಬ್ಯಾಡ್ರಿ. ಇದು ಅದಕ್ಕಲ್ಲ. ನಮ್ಮ ಅಕ್ಕ ಮುಂಜಾನಿಂದ ತಲಿ ನೋವಂತ ಒದ್ದಾಡ್ಲಿಕತ್ತಾರ, ನಿಮ್ಮ ಜೋಡಿ ಖಾಲಿಪೀಲಿ ಖಡಕ್ ಮಾತಾಡಿದ್ರು. ಮನಸ್ಸಿಗೆ ಹಚ್ಕೋಬ್ಯಾಡ್ರಿ."

ಅಂಗಡಿಯವರು ಕಟ್ಟಿನಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಖಡಕ್ ರೊಟ್ಟಿ ಮುರಿಯುವ ಸದ್ದು ನನಗೆ ಕಟ್ಟೆಯ ಮೇಲೂ ಕೇಳಿಸಿತು. ಆಮೇಲೆ ಅವರೇ ಮೊಬೈಲ್ ತೆಗೆದರು. "ಮೇಡಮ್ಮಾರ, ಇಲ್ಲಿ ಯಾರೋ ಸೇಡಂನವ್ರು ಬಂದಾರ್ರಿ, ನಿಮ್ಮಂಗೇ ಕಾಫಿ ಇಲ್ಲದ ತಲಿ ಹಿಡ್ಕೊಂಡು ಕುಂತಾರ..."

ಆ ಕಡೆಯ ಧ್ವನಿ ಜೋರಾಗಿಯೇ ಕೇಳಿತು. "ಅಯ್ಯೋ ಪಾಪ! ಅರ್ಧ ಕೊಟ್ಬಿಡಿ ಅವರಿಗೆ. ದುಡ್ಡು ಗಿಡ್ಡು ಏನೂ ಇಸ್ಕೋಬೇಡಿ."

ಪೊಟ್ಟಣ ಒಡೆದು ಅರ್ಧ ಹಂಚಿದರು. ನೆಗೆಣ್ಣಿ ಇನ್ನೊಂದು ಕಟ್ಟು ರೊಟ್ಟಿಯನ್ನು ಮೇಡಮ್ಮಿಗೆಂದು ಕೊಟ್ಟಳು. ನಾನು ಎದ್ದು ಹೊರಡಬೇಕು, ಅಷ್ಟರಲ್ಲಿ ಅಂಗಡಿಯವರು, "ಈ ರೊಟ್ಟಿ ನನ್ನ ಅಂಗಡಿಗಿ ಹಾಕ್ತೀರೇನ್ರಿ?" ಎಂದು ಅವಳನ್ನೇ ಕೇಳಿದರು. ನನ್ನನ್ನಲ್ಲ.

ಅವಳು ನನ್ನ ಕಡೆ ನೋಡಿದಳು. ನಾನು ಮುಖ ತಿರುಗಿಸಿದೆ. ತಲೆ ಸಿಡಿಯುತ್ತಿತ್ತು.

ಅವಳು ದರ ಹೇಳಿದಳು. ನಾನು ಹೇಳುವ ದರವೇ, ಒಂದು ರೂಪಾಯಿ ಕಡಿಮೆ ಇಲ್ಲ. ಅಂಗಡಿಯವರು ಇಳಿಸಲು ನೋಡಿದರು.

"ದರ ಇಳಿಯಂಗಿಲ್ರಿ ಅಣ್ಣಾರ. ಕಟ್ಟಿಗಿ ಒಂದು ರೊಟ್ಟಿ ಕೊಸರು ಇಡ್ತೀನಿ. ಮುರದದ್ದು ಇದ್ರ ನಮಗ ತಿರಗಿ ಕೊಡಬ್ಯಾಡ್ರಿ, ಆ ಕೊಸರಿನ್ಯಾಗ ಅದು ಬಂತು."

"ಮುರದದ್ದು ವಾಪಸ್ ತಗೊಳ್ಳಂಗಿಲ್ಲ?"

"ಇಲ್ರಿ. ಅದಕ್ಕೇ ಕೊಸರು."

ಅವರು ನಕ್ಕರು, ಒಪ್ಪಿಕೊಂಡರು. ನಾನು ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆ. ಮುರಿದ ರೊಟ್ಟಿ ವಾಪಸ್ ಬಂದರೆ ಅದರ ಸಾಗಾಣಿಕೆ, ಅದರ ಜಗಳ, ಯಾರು ಮುರಿದದ್ದು ಎಂಬ ಮಾತು, ಎಲ್ಲವೂ ನನ್ನ ತಲೆಯ ಮೇಲೆ ಬರುತ್ತದೆ. ಚಿತ್ತಾಪುರದ ಹೋಟೆಲಿನವನು ಮುರಿದದ್ದನ್ನು ಒಮ್ಮೆಯೂ ತಂದು ತೋರಿಸದಿದ್ದಕ್ಕೆ ಕಾರಣ ಇದೇ ಇರಬೇಕು, ನನಗೆ ಹೊಳೆದಿರಲಿಲ್ಲ. ದರ ಉಳಿಯಲಿ ಎಂದು ನಾನು ಕೊಸರನ್ನು ಕತ್ತರಿಸುತ್ತಿದ್ದೆ, ಇವಳು ಕೊಸರು ಕೊಟ್ಟೇ ದರ ಉಳಿಸಿಕೊಳ್ಳುತ್ತಿದ್ದಳು. ಇದು ಅವಳಿಗೆ ಯಾವಾಗಿನಿಂದ ಗೊತ್ತಿತ್ತೋ. ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ರಿಸಾರ್ಟಿಗೆ ಮರಳಿದ ಮೇಲೆ ಇಬ್ಬರೂ ನೇರ ಅಡುಗೆ ಮನೆಗೆ ಹೋದೆವು. ಊಟದ ಹೊತ್ತು ಮುಗಿದು ಒಲೆ ಖಾಲಿ ಇತ್ತು. ಅದು ಹಿಂಡಿಯಲ್ಲ, ಕಾಫಿಪುಡಿ ಎಂಬ ಸುದ್ದಿ ಅಡುಗೆಯವರಿಗೆ ಅಷ್ಟರಲ್ಲಿ ಮುಟ್ಟಿತ್ತು. "ಅವ್ವಾರ, ಹೈದರಾಬಾದಿನವ್ರು ಮೂರು ರೊಟ್ಟಿ ತಿಂದ್ರು ಅದರ ಮ್ಯಾಲ. ಈಗ ಎಲ್ಲಾರೂ ಎಚ್ಚರಿದ್ದಾರ, ಒಬ್ರೂ ಮಧ್ಯಾಹ್ನ ಮಲಗಿಲ್ಲ" ಎಂದರು. ನನಗೂ ನಗು ಬಂತು, ನಕ್ಕರೆ ಭುಜ ನೋಯಿತು.

ಫಿಲ್ಟರಿನ ಕೆಳಗಿನ ಭಾಗದಲ್ಲಿ ಜಜ್ಜಿದ ಬೆಳ್ಳುಳ್ಳಿ ಇಟ್ಟಿದ್ದರು, ಆ ವಾಸನೆ ಬೇಗ ಹೋಗಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ, ಕುದಿಯುವ ನೀರು ಸುರಿದು, ಬಿಸಿಲಿಗಿಟ್ಟು ಒಣಗಿಸಿದೆವು. ಮಲಗುವ ಮುಂಚೆ ನಾನೇ ಎಡಗೈಯಲ್ಲಿ ಪುಡಿ ಹಾಕಿ, ಮೆಲ್ಲಗೆ ಒತ್ತಿ, ಕುದಿ ನೀರು ಬಿಟ್ಟು ಮುಚ್ಚಿದೆ. ಮುಂಜಾನೆ ಅಡುಗೆಯವರು ಎಮ್ಮೆ ಹಾಲನ್ನು ನೀರು ಬೆರೆಸದೆ ಕಾಯಿಸಿಕೊಟ್ಟರು. ಸ್ಟೀಲಿನ ಲೋಟಕ್ಕೆ ಡಿಕಾಕ್ಷನ್ ಮೊದಲು, ಹಾಲು ಆಮೇಲೆ, ಸಕ್ಕರೆ ಚೂರೇ ಚೂರು.

ಕೋಣೆಯ ಮುಂದಿನ ಮೆಟ್ಟಿಲ ಮೇಲೆ ಕೂತೆವು. ಗುಡ್ಡದ ಮೇಲಿನ ಮಂಜು ಇನ್ನೂ ಪೂರಾ ಸರಿದಿರಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಬಿಸಿಯನ್ನೇ ಕುಡಿದೆ. ಆಮೇಲೆ ಒಂದು ಗುಟುಕು. ನಾಲಿಗೆಯ ಹಿಂದೆ ಕಹಿ ನಿಂತು, ಹಾಲಿನ ಸಿಹಿ ಅದರ ಬೆನ್ನಿಗೆ ಬಂತು. ಎರಡನೆಯ ಗುಟುಕಿಗೆ ಕತ್ತಿನ ಹಿಂದಿನ ಗಂಟು ಸಡಿಲಾಯಿತು. ಭುಜ ಹಾಗೇ ಇತ್ತು. ಕಾಫಿ ಅಂಥ ಕೆಲಸ ಮಾಡುವುದಿಲ್ಲ. ಆದರೆ ಗುಡ್ಡ ಕಾಣತೊಡಗಿತು. ಬಂದು ಒಂದು ಹಗಲು ಪೂರಾ ಕಳೆದಿದ್ದರೂ ಗುಡ್ಡವನ್ನು ನೋಡಿದ್ದು ಆಗಲೇ.

ನೆಗೆಣ್ಣಿಗೂ ಅರ್ಧ ಲೋಟ ಕೊಟ್ಟೆ. ಕುಡಿದು ಮುಖ ಕಿವುಚಿದಳು. "ಇದಕ್ಕೇನ್ರಿ ಅಷ್ಟೆಲ್ಲಾ ಅಡ್ಡಾಡಿದ್ದು? ರೊಟ್ಟಿ ಮ್ಯಾಲೇ ಛಲೋ ಇತ್ತು."

ಅಷ್ಟರಲ್ಲಿ ಫೋನು ಬಂತು. ಖಾನಾವಳಿಯವರು. ನನ್ನ ಬಾಯಲ್ಲಿ ಕಾಫಿ ಇತ್ತು. ಫೋನನ್ನು ಮೆಟ್ಟಿಲ ಮೇಲೆ ಅವಳ ಕಡೆ ಸರಿಸಿದೆ.

"ನಾ ಏನು ಹೇಳ್ಲಿ ಅಕ್ಕಾ?"

"ನಿನ್ನೆ ಅಂಗಡ್ಯಾಗ ಹೇಳಿದಿಯಲ್ಲ, ಹಂಗೇ ಹೇಳು."

"ಆಗಂಗಿಲ್ಲ ಅಂತ ಹೇಳ್ಬೇಕೋ, ಆಗ್ತದ ಅಂತೋ?"

"ಒಲಿ ನಿಂದು. ನೀನೇ ನೋಡು."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಫೋನು ಎತ್ತಿದಳು. "ನಮಸ್ಕಾರ್ರೀ ಅಣ್ಣಾರ. ನಾ ಅವರ ನೆಗೆಣ್ಣಿ ಮಾತಾಡಾಕತ್ತೀನಿ. ಹಾಂ... ಎರಡರಷ್ಟು ಒಮ್ಮಿಗೇ ಆಗಂಗಿಲ್ರಿ. ಈಗಿಂದಕ್ಕ ಅರ್ಧ ಸೇರಸ್ತೀನಿ, ಲಗ್ನದ ತಿಂಗಳು ಬಂದಾಗ ಉಳಿದದ್ದು ನೋಡಾಮಿ... ಇಲ್ರಿ, ದರ ಅದೇ. ಗಾಡಿ ನಿಮ್ದು, ನಮ್ಮವ್ರ ಟಂಟಂ ಕಲಬುರಗಿ ತನಕಾ ದಿನಾ ಬರಂಗಿಲ್ಲ... ಕೊಸರು ಕೊಡ್ತೀನ್ರಿ, ಯಾಕ ಕೊಡಬಾರದು?"

ನಡುವೆ ಬಾಯಿ ಹಾಕಬೇಕೆಂದು ಎರಡು ಸಲ ಅನ್ನಿಸಿತು. ಎರಡು ಸಲವೂ ಲೋಟ ಎತ್ತಿದೆ. ಗಾಡಿಯ ಮಾತು ನಾನು ಎಂದೂ ಎತ್ತಿರಲಿಲ್ಲ; ಅವರು ಕೊಡಲಾರರು ಎಂದು ನಾನೇ ಅಂದುಕೊಂಡಿದ್ದೆ. ಅವರು ಒಪ್ಪಿದರು. ಫೋನಿಟ್ಟು ಅವಳು ತನ್ನ ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದಳು. ನಾನು ಶಹಬ್ಬಾಸ್ ಅನ್ನಲಿಲ್ಲ. ಅನ್ನಬೇಕಿತ್ತು, ಆದರೆ ನನ್ನ ಕೈಯಿಂದ ಏನೋ ಇಳಿದು ಹೋದ ಹಾಗೆ, ಹಗುರವೂ ಅಲ್ಲದ ಬೇಸರವೂ ಅಲ್ಲದ ಒಂದು ಸುಸ್ತು ಬಂದಿತ್ತು. ಉಳಿದ ಕಾಫಿ ಕುಡಿದು ಒಳಗೆ ಹೋಗಿ, ರೂಮು ಖಾಲಿ ಮಾಡುವ ಹೊತ್ತಿನವರೆಗೆ ಸತ್ತವಳಂತೆ ಮಲಗಿದೆ. ಎಳ್ಳಮಾವಾಸ್ಯೆಯ ನಂತರ ಅಂಥ ನಿದ್ದೆ ಅದೇ ಮೊದಲು.

ಈಗ ಅವಳು ಗಿರಾಕಿಗಳನ್ನು ನೋಡಿಕೊಳ್ಳುತ್ತಾಳೆ, ನಾನು ಜೋಳ ಕೊಳ್ಳುವುದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಕೈ ಕಿವಿಯವರೆಗೆ ಏಳುತ್ತದೆ.

ನೀವೂ ರಿಸಾರ್ಟಿಗೆ ಹೋಗುವವರಾದರೆ, ನಿಮಗೂ ಕಾಫಿಯ ಚಟ ಇದ್ದರೆ, ನನ್ನಿಂದ ಇಷ್ಟು ತಿಳಿದುಕೊಳ್ಳಿ. ಮುಂಗಡ ಕೊಡುವ ಮುಂಚೆಯೇ ಯಂತ್ರದ ಕಾಫಿಯೋ ಫಿಲ್ಟರಿನದೋ ಎಂದು ಕೇಳಿ. ದುಡ್ಡು ನಿಮ್ಮ ಕೈಯಲ್ಲಿರುವಾಗ ಸಿಗುವಷ್ಟು ನಿಜವಾದ ಉತ್ತರ ಆಮೇಲೆ ಸಿಗುವುದಿಲ್ಲ. ಪುಡಿಯನ್ನು ಮನೆಯಿಂದಲೇ ಒಯ್ಯಿರಿ, ಒಯ್ಯುವ ಡಬ್ಬಿಯ ಮೇಲೆ ಅದೇನೆಂದು ದೊಡ್ಡದಾಗಿ ಬರೆಯಿರಿ, ಎರಡು ಕಡೆ ಹಂಚಿ ಇಡಿ. ಮ್ಯಾನೇಜರ್ ಕೈಗೆ ಕೊಡಬೇಡಿ. ಊಟದ ಗದ್ದಲ ಮುಗಿದ ಮೇಲೆ ನೀವೇ ಅಡುಗೆ ಮನೆಗೆ ಹೋಗಿ, ಬರಿಗೈಯಲ್ಲಿ ಹೋಗಬೇಡಿ, ಮನೆಯ ತಿಂಡಿ ಏನಾದರೂ ಇರಲಿ. ಹಾಲು ಮತ್ತು ಕುದಿ ನೀರು ಬೇರೆ ಬೇರೆ ಕೇಳಿ, ಸಕ್ಕರೆ ಹಾಕದಂತೆ ಮೊದಲೇ ಹೇಳಿ. ಚಳಿಗಾಲದಲ್ಲಿ ಡಿಕಾಕ್ಷನ್ ನಿಧಾನ ಇಳಿಯುತ್ತದೆ, ಮಲಗುವ ಮುಂಚೆಯೇ ಹಾಕಿಡಿ. ಪುಡಿ ತೀರಿದರೆ ಕಿರಾಣಿ ಅಂಗಡಿಗಳನ್ನು ಅಲೆಯುವ ಬದಲು, ದೂರದಿಂದ ವರ್ಗವಾಗಿ ಬಂದವರು ಯಾವ ಕಚೇರಿಯಲ್ಲಿದ್ದಾರೆ ಎಂದು ವಿಚಾರಿಸಿ. ಒಬ್ಬರ ಮನೆಯಲ್ಲಾದರೂ ಪುಡಿ ಇದ್ದೇ ಇರುತ್ತದೆ. ಕೊನೆಯದು, ಕಾಫಿ ಕುಡಿಯದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ತಲೆ ಸಿಡಿಯುತ್ತಿರುವಾಗ ಎದುರಿನವರ ಜೊತೆ ನೆಟ್ಟಗೆ ಮಾತಾಡುವವರು ಯಾರಾದರೂ ಬೇಕು. ಅವರು ಮಾತಾಡುವಾಗ ನೀವು ನಡುವೆ ಬಾಯಿ ಹಾಕಬೇಡಿ.